ಕಚ್ಚಾ ಹೊಲಿಗೆಯ ಮೋಟಾರ್‌ಸೈಕಲ್

ನಾನು ಮೂರು ವಾರಗಳಲ್ಲಿ ಐದು ಮೋಟಾರ್‌ಸೈಕಲ್‌ಗಳ ಹಿಂದಿನ ಸೀಟಿನಲ್ಲಿ ಕೂತು ಒಟ್ಟು ಇಪ್ಪತ್ತೆರಡು ಗಂಟೆ ಪ್ರಯಾಣ ಮಾಡಿದ್ದೇನೆ. ಅಷ್ಟು ಹೊತ್ತಿನಲ್ಲಿ ನಾನು ಅಡುಗೆಮನೆಯ ಬಾಗಿಲು ಬಿಟ್ಟು ಆರಡಿ ಆಚೆ ಹೋಗಿಲ್ಲ. ಹೀಗೆಂದು ಹೇಳಿದರೆ ಕೇಳಿದವರು ನನ್ನ ಹಣೆ ಮುಟ್ಟಿ ಜ್ವರ ನೋಡುತ್ತಾರೆ. ಆದ್ದರಿಂದ ಮೊದಲಿನಿಂದ ಹೇಳುವುದೇ ಒಳ್ಳೆಯದು.

ನಮ್ಮವರು ದರ್ಜಿ. ಊರಿಗೆಲ್ಲ ಮಾಸ್ಟರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಅವರು ಗಿರಾಕಿಯ ಮೈಮೇಲೆ ಟೇಪು ಹಿಡಿದು ಅಂಕಿ ಕೂಗುತ್ತಾರೆ, ನಾನು ಅಳತೆ ಪುಸ್ತಕದಲ್ಲಿ ಬರೆಯುತ್ತೇನೆ. ಅವರು ಹೇಳುವುದು ಮೈಯ ಅಳತೆ. ನಾನು ಬರೆಯುವುದು ಬಟ್ಟೆಯ ಅಳತೆ. ಹೊಲಿಗೆಗೆ, ಸಡಿಲಕ್ಕೆ ಬಿಡಬೇಕಾದ್ದನ್ನು ಮನಸ್ಸಿನಲ್ಲೇ ಕೂಡಿಸಿ ಬರೆದುಬಿಟ್ಟರೆ, ಅವರು ಪುಸ್ತಕ ನೋಡಿ ಕಣ್ಣುಮುಚ್ಚಿ ಕತ್ತರಿ ಹಾಕಬಹುದು. ಇಪ್ಪತ್ತೇಳು ವರ್ಷದಿಂದ ಇದೇ ಪದ್ಧತಿ. ಒಂದೇ ಒಂದು ಅಂಗಿ ಬಿಗಿಯಾಯಿತೆಂದು ವಾಪಸ್ ಬಂದಿಲ್ಲ. ಜಂಬಕ್ಕೆ ಹೇಳುತ್ತಿಲ್ಲ. (ಸ್ವಲ್ಪ ಜಂಬಕ್ಕೇ ಹೇಳುತ್ತಿದ್ದೇನೆ. ದೇವರು ಅದನ್ನು ಆಮೇಲೆ ಸರಿಮಾಡಿದ.)

ಇನ್ನು ನನಗಿರುವ ಇನ್ನೊಂದು ಗುಣವೆಂದರೆ ಕೇಳಿಸಿಕೊಳ್ಳುವುದು. ಟೇಪು ಮೈ ಸುತ್ತಿದ ಕೂಡಲೇ ಮನುಷ್ಯರಿಗೆ ಅದೇಕೋ ಬಾಯಿ ಬಿಚ್ಚುತ್ತದೆ. ಸೊಂಟ ಅಳೆಯುವಾಗ ಸೊಸೆಯ ಸುದ್ದಿ, ತೋಳು ಅಳೆಯುವಾಗ ತಮ್ಮನ ಸುದ್ದಿ. ಎಲ್ಲವನ್ನೂ ಕೇಳಿ, ಅವರ ಪರವಾಗಿ ಮನಸ್ಸಿನಲ್ಲೇ ಒಂದು ಮಾತು ದೇವರಿಗೆ ಹೇಳಿ, ಮುಂದಿನ ಅಂಕಿ ಬರೆದುಕೊಳ್ಳುತ್ತೇನೆ.

ವಿಷಯಕ್ಕೆ ಬರುತ್ತೇನೆ. ನನಗೊಬ್ಬಳು ಅಕ್ಕ, ನೂರ ಎಂಬತ್ತು ಕಿಲೋಮೀಟರ್ ಆಚೆ ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ. ಚಿಕ್ಕಂದಿನಲ್ಲಿ ನಮ್ಮಮ್ಮನಿಗೆ ಮೈಯಲ್ಲಿ ಚೆನ್ನಾಗಿರಲಿಲ್ಲ. ಮನೆ ನೋಡಿಕೊಳ್ಳಲು ಒಬ್ಬರು ಬೇಕಾಗಿತ್ತು, ನಾನು ಉಳಿದೆ. ಅಕ್ಕ ಶಾಲೆಯಿಂದ ಬಂದವಳೇ ಚೀಲವನ್ನು ನನ್ನ ಮಡಿಲಿಗೆ ಹಾಕಿ, ಆ ದಿನ ಕಲಿತದ್ದನ್ನೆಲ್ಲ ಮೇಷ್ಟರ ದನಿಯಲ್ಲೇ ಒಪ್ಪಿಸುತ್ತಿದ್ದಳು. ನನ್ನ ಓದು ಬರಹ ಅಷ್ಟೂ ಹಾಗೆ ಬಂದದ್ದು. ಈ ತಿಂಗಳ ಕೊನೆಯ ಶನಿವಾರ ಆಕೆಗೆ ನಿವೃತ್ತಿ, ಹನ್ನೊಂದು ಗಂಟೆಗೆ ಬೀಳ್ಕೊಡುಗೆ. ಫೋನಿನಲ್ಲಿ ಅಂದಳು: "ಮುಂದಿನ ಸಾಲಲ್ಲಿ ನಿನಗೊಂದು ಕುರ್ಚಿ ಹಾಕಿಸಿರ್ತೀನಿ. ನೀನು ಬಂದು ಕೂತ್ಕೋ ಪುಟ್ಟಿ, ಬೇರೇನೂ ಬೇಡ."

ಹೋಗುವುದು ಹೇಗೆ? ರೈಲು ಆ ಕಡೆ ಹೋಗುವುದಿಲ್ಲ. ಬಸ್ಸು ಹತ್ತಿ ಸೀಟಿನಲ್ಲಿ ಕೂತೆನೆಂದರೆ ಮೂರನೆಯ ತಿರುವಿಗೆ ನನಗೆ ಹೊಟ್ಟೆ ತೊಳಸುತ್ತದೆ, ಐದನೆಯದಕ್ಕೆ ಪಕ್ಕದಲ್ಲಿದ್ದವರು ಎದ್ದು ಬೇರೆ ಜಾಗ ಹುಡುಕುತ್ತಾರೆ. ಅಂಗಡಿಯ ಹಳೆಯ ಮೊಪೆಡ್ ಒಂದಿದೆ. ಅದು ಏರು ಬಂದಲ್ಲೆಲ್ಲ ನಿಂತು, ಇಬ್ಬರಲ್ಲಿ ಒಬ್ಬರು ಇಳಿಯಲಿ ಎಂದು ಕಾಯುತ್ತದೆ. ಯಾವಾಗಲೂ ಇಳಿದವಳು ನಾನೇ. ನಮ್ಮವರು ಎರಡು ದಿನ ಯೋಚಿಸಿ, ಮೋಟಾರ್‌ಸೈಕಲ್ ತೆಗೆದುಕೊಳ್ಳೋಣ ಎಂದರು. ತೀರ ಹಗುರವಾದದ್ದು ಬೇಡ, ಲಾರಿ ಪಕ್ಕಕ್ಕೆ ಬಂದರೆ ಒಣಹಾಕಿದ ಪಂಚೆಯಂತೆ ಹಾರುತ್ತದೆ. ತೀರ ಭಾರದ್ದೂ ಬೇಡ, ಬಿದ್ದರೆ ಎತ್ತಲು ಒಂದು ಮದುವೆಗಾಗುವಷ್ಟು ಜನ ಬೇಕು. ನಡುತೂಕದ್ದು, ಉದ್ದದಾರಿಗೆ ಆರಾಮಾಗಿರುವಂಥದ್ದು. ನಾನು ದೇವರಿಗೆ ಕೈಮುಗಿದೆ. ಇನ್ನು ಒಂದು ವಾರದಲ್ಲಿ ಬಂದುಬಿಡುತ್ತದೆ ಎಂದುಕೊಂಡೆ. ದರ್ಜಿಯ ಹೆಂಡತಿಯಾಗಿ ನಾನು ಹಾಗೆ ಅಂದುಕೊಳ್ಳಬಾರದಿತ್ತು.

ನಮ್ಮವರು ಶೋರೂಮಿಗೆ ಹೋದದ್ದು ಕೊರಳಲ್ಲಿ ಟೇಪು ಹಾಕಿಕೊಂಡು. ಹಿಂದೆ ನಾನು, ಅಳತೆ ಪುಸ್ತಕ, ಕಿವಿಗೆ ಸಿಕ್ಕಿಸಿದ ಪೆನ್ಸಿಲು. ಟೈ ಕಟ್ಟಿದ ಮಾರಾಟಗಾರ ನಾವು ಸೀಟಿಗೆ ಕವರು ಹೊಲಿಯಲು ಬಂದವರೆಂದು ತಿಳಿದು ಹಿಂದಿನ ಬಾಗಿಲು ತೋರಿಸಿದ. ಕೊಳ್ಳಲು ಬಂದಿದ್ದೇವೆಂದ ಮೇಲೆ ಆತ ಎಂಜಿನ್ನಿನ ಗುಣಗಾನ ಶುರುಮಾಡಿದ. ನಮ್ಮವರು ಆಗಲೇ ಮಂಡಿಯೂರಿ ನೆಲದಿಂದ ಸೀಟಿಗೆ ಎಷ್ಟು ಎತ್ತರ ಎಂದು ನೋಡುತ್ತಿದ್ದರು. ಸೀಟಿನಿಂದ ಹ್ಯಾಂಡಲಿಗೆ ಎಷ್ಟು, ಸೀಟಿನಿಂದ ಕಾಲಿಡುವ ಕಡ್ಡಿಗೆ ಎಷ್ಟು, ಹಿಂದೆ ಕೂರುವವರಿಗೆ ಉದ್ದವೆಷ್ಟು ಅಗಲವೆಷ್ಟು. ಅವರು ಕೂಗಿದರು, ನಾನು ಬರೆದೆ. ಹೀಗೆ ಐದು ಬೈಕುಗಳು. ಮಾರಾಟಗಾರ ಪಾಪ, ಒಂದು ಸುತ್ತು ಓಡಿಸಿ ನೋಡಿ ಎಂದ.

"ಐದು ನಿಮಿಷಕ್ಕೆ ಎಲ್ಲ ಪ್ಯಾಂಟೂ ಆರಾಮಾಗೇ ಇರುತ್ತಪ್ಪ," ಎಂದರು ನಮ್ಮವರು. "ಮೂರು ಗಂಟೆ ಕೂತಾಗ ಗೊತ್ತಾಗೋದು ಅದರ ಯೋಗ್ಯತೆ."

ಹಾಗಾದರೆ ಬರೀ ಕೂತಾದರೂ ನೋಡಿ ಸಾರ್ ಎಂದ ಆತ. ಮಾಸ್ಟರು ಯಾರ ಅಂಗಿಯನ್ನೂ ತೊಟ್ಟು ನೋಡುವುದಿಲ್ಲ, ಅಳತೆ ಇದ್ದರೆ ಸಾಕು ಎಂದು ಉತ್ತರ ಬಂತು. ನನಗೆ ಆಗ ಹೆಮ್ಮೆಯಾಯಿತು. ಈಗ ಆ ಹೆಮ್ಮೆ ಎಲ್ಲಿ ನೋಯುತ್ತಿದೆ ಎಂದು ಹೇಳಲು ಸಂಕೋಚವಾಗುತ್ತದೆ.

ಒಳ್ಳೆಯ ದರ್ಜಿ ಕೋಟನ್ನು ಒಂದೇ ಸಲ ಹೊಲಿದು ಕೊಡುವುದಿಲ್ಲ. ಮೊದಲು ಕಚ್ಚಾ ಹೊಲಿಗೆ ಹಾಕಿ ಗಿರಾಕಿಯ ಮೈಮೇಲೆ ಏರಿಸಿ ನೋಡುತ್ತಾನೆ, ಅದೇ ಟ್ರಯಲ್. ನಮ್ಮವರು ಮೋಟಾರ್‌ಸೈಕಲ್ಲಿಗೂ ಟ್ರಯಲ್ ಆಗಲೇಬೇಕು ಎಂದರು. ನಡುಮನೆಯ ಕುರ್ಚಿಗಳೆಲ್ಲ ಹಿತ್ತಿಲು ಸೇರಿದವು. ಬಡಗಿ ಮರ ಕೊಯ್ಯುವಾಗ ಆಸರೆಗಿಡುವ ಎರಡು ಮರದ ಕುದುರೆಗಳನ್ನು ಎರವಲು ತಂದು, ಅವುಗಳ ಮೇಲೆ ಹಲಗೆ ಇಟ್ಟು, ಅದರ ಮೇಲೆ ಸ್ಪಂಜು, ಅದರ ಮೇಲೆ ಉಳಿಕೆ ಸೂಟಿನ ಬಟ್ಟೆ. ಪರದೆಯ ಕೋಲು ಹ್ಯಾಂಡಲ್ ಆಯಿತು. ಇಸ್ತ್ರಿ ಮೇಜಿನ ಕಾಲುಗಳು ಪಾದ ಇಡಲು. ಪುಸ್ತಕದಲ್ಲಿದ್ದ ಅಳತೆಗೆ ಒಂದು ನೂಲೂ ಹೆಚ್ಚುಕಡಿಮೆ ಇಲ್ಲ. ಮೊದಲನೆಯ ಬೈಕು ಸಿದ್ಧವಾಯಿತು. ಹತ್ತಿ ಕೂತೆವು. ಹತ್ತು ನಿಮಿಷವಾದ ಮೇಲೆ ನಮ್ಮವರು, ಇದು ಸರಿಯಿಲ್ಲ, ಎಂಜಿನ್ನಿನ ನಡುಕ ಇಲ್ಲದೆ ಆರಾಮು ಗೊತ್ತಾಗುವುದು ಹೇಗೆ ಎಂದರು.

ಆಗ ಎಂಜಿನ್ ತಾನಾಗಿ ಮುಂದೆ ಬಂತು.

ಎಂಜಿನ್ ಎಂದರೆ ನಮ್ಮತ್ತೆ. ವಯಸ್ಸು ಎಪ್ಪತ್ತೆಂಟು, ಕಾಲು ಮಾತ್ರ ಇಪ್ಪತ್ತೆಂಟರದು. ಐವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲು. ಅವರ ಹಳೆಯ ಕಾಲುಯಂತ್ರವನ್ನು ಎಳೆದು ತಂದು ನಮ್ಮ ಹಲಗೆಗೆ ಬಿಗಿಯಾಗಿ ಕಟ್ಟಿದರು. ಅತ್ತೆ ತುಳಿದರೆ ಹಲಗೆ ನಡುಗಬೇಕು. ನಮ್ಮವರು 'ಎರಡನೇ ಗೇರು' ಎಂದರೆ ನಿಧಾನ, 'ನಾಲ್ಕು' ಎಂದರೆ ಜೋರು. ದೊಡ್ಡ ನಿಲುವಿನ ಫ್ಯಾನನ್ನು ಪಕ್ಕದಲ್ಲಿಟ್ಟು, ಆಗಾಗ 'ಲಾರಿ ಬಂತು' ಎಂದು ತಾವೇ ಸ್ವಿಚ್ಚು ಒತ್ತುತ್ತಿದ್ದರು. ಆಗ ನಾವಿಬ್ಬರೂ ತಲೆ ತಗ್ಗಿಸಬೇಕು. ಎದುರಿನ ಕ್ಷೌರದಂಗಡಿಯವರು ಅರ್ಧ ಗಡ್ಡ ಬೋಳಿಸಿದ ಗಿರಾಕಿಯನ್ನು ಕರೆತಂದು ಕಿಟಕಿಯಲ್ಲಿ ತೋರಿಸಿದರು ಎಂಬುದು ನಿಜ. ಆ ಗಿರಾಕಿ ಇನ್ನರ್ಧ ಗಡ್ಡಕ್ಕೆ ವಾಪಸ್ ಹೋಗಲು ಒಪ್ಪದೆ ಪೂರ್ತಿ ಟ್ರಯಲ್ ನೋಡಿದ ಎಂಬುದೂ ನಿಜ.

ಮೊದಲನೆಯ ಬೈಕಿನಲ್ಲಿ ನಮ್ಮವರ ಹೆಬ್ಬೆರಳು ಮಾತ್ರ ನೆಲ ಮುಟ್ಟುತ್ತಿತ್ತು. ಸಿಗ್ನಲ್ ಬಂದರೆ ಇಳಿಯಲು ಏಣಿ ಬೇಕು. ತೆಗೆದುಹಾಕಿದರು. ಎರಡನೆಯದರ ಹ್ಯಾಂಡಲ್ ಎಷ್ಟು ದೂರವೆಂದರೆ ಇವರು ಹಲಗೆಯ ಮೇಲೆ ಬೋರಲು ಮಲಗಿದ ಹಾಗಿದ್ದರು. ನನಗೆ ದಾರಿಯುದ್ದಕ್ಕೂ ಬೆನ್ನು ಬಿಟ್ಟು ಬೇರೆ ದೃಶ್ಯವಿಲ್ಲ. ಮೂರನೆಯದು.

ಮೂರನೆಯದರ ಬಗ್ಗೆ ಏನು ಹೇಳಲಿ. ಅತ್ತೆ ಮೂರನೇ ಗೇರಿನಲ್ಲಿದ್ದರು. ಹಿಂದಿನ ಸೀಟು ತಾಯಿಯ ಮಡಿಲಿನ ಹಾಗೆ ಉದ್ದಕ್ಕೂ ಅಗಲಕ್ಕೂ ಹರಡಿಕೊಂಡಿತ್ತು. ನಾನು ಪ್ರಯಾಣದ ಕ್ಷೇಮಕ್ಕಾಗಿ ಕಣ್ಣುಮುಚ್ಚಿ ದೇವರ ನಾಮ ಹೇಳಿಕೊಳ್ಳುತ್ತಿದ್ದವಳು ಯಾವಾಗ ನಿದ್ದೆಹೋದೆನೋ ತಿಳಿಯದು. ಎಚ್ಚರವಾದಾಗ ಹೆಗಲ ಮೇಲೆ ಯಾರೋ ಶಾಲು ಹೊದಿಸಿದ್ದರು, ಎಂಜಿನ್ನು ಕಾಫಿ ಕುಡಿಯುತ್ತಿತ್ತು.

ನಾಲ್ಕನೆಯದು ತೀರ ಅಗಲ. ಇಳಿದ ಮೇಲೆ ಅರ್ಧ ಗಂಟೆ ನನ್ನ ಎರಡು ಕಾಲುಗಳು ಎರಡು ದಿಕ್ಕಿಗೆ ನಡೆದವು. ಐದನೆಯದಕ್ಕೆ ನಮ್ಮವರು ಮನಸೋತರು. ಹ್ಯಾಂಡಲು ಕೈಗೇ ಹುಟ್ಟಿದಂತಿದೆ ಎಂದರು. ಇರಬಹುದು, ಹಿಂದಿನ ಸೀಟು ಮಾತ್ರ ಗುಬ್ಬಿ ಕೂರುವ ಕೊಂಬೆ. ಅಲ್ಲಿಂದ ಶುರುವಾಯಿತು ಮೂರನೆಯದೋ ಐದನೆಯದೋ ಎಂಬ ಮಹಾಯುದ್ಧ. ಸೋಮವಾರ ಮೂರನ್ನು ಬಿಚ್ಚಿ ಐದು ಕಟ್ಟಿದರು, ಮಂಗಳವಾರ ಐದನ್ನು ಬಿಚ್ಚಿ ಮೂರು ಕಟ್ಟಿದರು. ಊಟಕ್ಕೆ ಕರೆದರೆ ಹಲಗೆಯ ಮೇಲಿಂದಲೇ, ಇನ್ನು ನಲವತ್ತು ಕಿಲೋಮೀಟರ್ ಇದೆ, ತಲುಪಿ ಉಣ್ಣುತ್ತೇನೆ ಎನ್ನುತ್ತಿದ್ದರು. ಶನಿವಾರ ಬರಲು ಮೂರೇ ದಿನ. ಅಕ್ಕ ಫೋನು ಮಾಡಿ, ಹೊರಡುವ ಏರ್ಪಾಡು ಆಯಿತೇ ಎಂದು ಕೇಳಿದಳು. ಇಪ್ಪತ್ತೇಳು ವರ್ಷ ಕೇಳಿಸಿಕೊಂಡವಳು ಬುಧವಾರ ಬೆಳಿಗ್ಗೆ ಬಾಯಿ ತೆರೆದೆ.

"ರೀ, ಮೂರನೇದು."

"ಸ್ವಲ್ಪ ಯೋಚನೆ ಮಾಡಬೇಕು ಕಣೇ."

"ಯೋಚನೆ ನೀವು ಮಾಡ್ತಾ ಇರಿ, ನಾನು ಹೋಗಿ ಮುಂಗಡ ಕೊಟ್ಟು ಬರ್ತೀನಿ. ಹಿಂದೆ ಕೂತು ಮೂರು ಗಂಟೆ ನಿದ್ದೆ ಮಾಡಿದವಳು ನಾನು. ನನಗಿಂತ ಸಾಕ್ಷಿ ಬೇಕಾ?"

ಇವರು ತಾಯಿಯ ಮುಖ ನೋಡಿದರು. ಅತ್ತೆ ಯಂತ್ರಕ್ಕೆ ಎಣ್ಣೆ ಬಿಡುತ್ತಾ, "ಮೂರೇ ಆಗಲಿ. ಅದಾದರೆ ನನಗೆ ಮೊಣಕಾಲು ಹಿಡಿಯಲ್ಲ," ಎಂದರು. ಎಂಜಿನ್ನೇ ಒಪ್ಪಿದ ಮೇಲೆ ಮಾತೇನಿದೆ.

ಗುರುವಾರ ಮಧ್ಯಾಹ್ನ ಬೈಕು ಬಂತು. ಶೋರೂಮಿನವರು ಮನೆ ಬಾಗಿಲಿಗೇ ತಂದು ನಿಲ್ಲಿಸಿದರು. ಕಡುನೀಲಿ ಬಣ್ಣ, ಎರಡೂ ಕಡೆ ಹೊಳೆಯುವ ಕನ್ನಡಿ. ನೋಡಲು ಯಾಕೋ ನಮ್ಮ ನಡುಮನೆಯದಕ್ಕಿಂತ ಪುಟ್ಟದಾಗಿದೆ ಅನ್ನಿಸಿತು. ಬಯಲಿನಲ್ಲಿ ಎಲ್ಲವೂ ಪುಟ್ಟದಾಗಿ ಕಾಣುತ್ತದೆ ಎಂದು ಸಮಾಧಾನ ಹೇಳಿಕೊಂಡೆ. ನಮ್ಮವರು ಹತ್ತಿ ಕೂತರು. ಮೊಣಕಾಲುಗಳು ಹ್ಯಾಂಡಲನ್ನು ಮುಟ್ಟಲು ಮೇಲೆ ಬಂದವು. ಮೊಮ್ಮಗಳ ಮೂರುಗಾಲಿ ಸೈಕಲ್ ಹತ್ತಿದ ತಾತನ ಹಾಗೆ ಕಾಣುತ್ತಿದ್ದರು. ನಾನು ಹಿಂದೆ ಹತ್ತಿದೆ. ಸೀಟು ಮುಗಿಯಿತು, ನಾನು ಇನ್ನೂ ಇದ್ದೆ. ಉಳಿದ ನನ್ನನ್ನು ಹಿಂದಿನ ಕಬ್ಬಿಣದ ಹಿಡಿ ತಡೆದು ನಿಲ್ಲಿಸಿತು.

ಇವರು ಇಳಿದು, ಒಳಗೆ ಹೋಗಿ ಟೇಪು ತಂದರು. ಸೀಟು ಅಳೆದರು. ಎತ್ತರ ಅಳೆದರು. ಹ್ಯಾಂಡಲ್ ಅಳೆದರು. ಪುಸ್ತಕ ತೆರೆದು ನೋಡಿದರು. ಮತ್ತೆ ಅಳೆದರು. ಪ್ರತಿಯೊಂದೂ ಪುಸ್ತಕದಲ್ಲಿ ಇದ್ದದ್ದಕ್ಕಿಂತ ಸರಿಯಾಗಿ ಎರಡಿಂಚು ಕಡಿಮೆ. ಶೋರೂಮಿನವರು ಬೇರೆ ಬೈಕು ಕಳಿಸಿದ್ದಾರೆ, ಈಗಲೇ ಹೋಗಿ ಕೇಳಿ ಎಂದು ನಾನು ಅಬ್ಬರಿಸಿದೆ. (ನಾನು ಅಬ್ಬರಿಸುವವಳಲ್ಲ. ಆದರೆ ಮೂರು ವಾರ ಕೇಳಿಸಿಕೊಂಡದ್ದೆಲ್ಲ ಒಟ್ಟಿಗೆ ಹೊರಬಂತು. ಟೈ ಕಟ್ಟಿದವರನ್ನು ನಂಬಬಾರದು ಎಂದೂ, ಅಳತೆಗೆ ಬೆಲೆ ಇಲ್ಲದ ಕಾಲ ಬಂತು ಎಂದೂ ಹೇಳಿದೆ.)

ನಮ್ಮವರು ತುಂಬ ಮೆಲ್ಲಗೆ ಕೇಳಿದರು. "ಹಿಂದಿನ ಸೀಟಿನ ಉದ್ದ ನಾನು ಎಷ್ಟು ಹೇಳಿದ್ದೆ?"

"ಹನ್ನೊಂದು."

"ನೀನು ಎಷ್ಟು ಬರೆದಿದ್ದೀಯ?"

ಪುಸ್ತಕ ನೋಡಿದೆ. ನನ್ನದೇ ದುಂಡನೆಯ ಅಕ್ಷರದಲ್ಲಿ ಹದಿಮೂರು ಎಂದಿತ್ತು.

ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಗಲು ಶುರುಮಾಡಿದರು. ನಕ್ಕು ನಕ್ಕು ಮೆಟ್ಟಿಲ ಮೇಲೆ ಕೂತುಬಿಟ್ಟರು. "ಬೈಕಿಗೂ ಹೊಲಿಗೆಗೆ ಅಂತ ಬಟ್ಟೆ ಬಿಟ್ಟಿದ್ದೀಯಲ್ಲ ತಾಯಿ," ಎಂದರು. ಇಪ್ಪತ್ತೇಳು ವರ್ಷ ಕೂಡಿಸಿ ಬರೆದ ಕೈ. ಶೋರೂಮಿನಲ್ಲಿ ಅದಕ್ಕೆ ಯಾರು ಹೇಳಬೇಕಿತ್ತು, ಇದು ಮೋಟಾರ್‌ಸೈಕಲ್, ಒಗೆದರೆ ಕುಗ್ಗುವುದಿಲ್ಲ ಎಂದು?

ಹೀಗೆ, ಬೇಡವೆಂದು ಬಿಟ್ಟ ಬೈಕುಗಳಲ್ಲಿ ಯಾವುದು ನಿಜವಾಗಿ ನಮಗೆ ಸರಿಹೊಂದುತ್ತಿತ್ತೋ ಆ ದೇವರಿಗೇ ಗೊತ್ತು. ನಮ್ಮವರು ಬೈದಿದ್ದರೆ ನಾನೂ ನಾಲ್ಕು ಮಾತು ಹೇಳಿ ಹಗುರಾಗುತ್ತಿದ್ದೆ. ಶುಕ್ರವಾರವಿಡೀ ಕೂತು ಮುಂದಿನ ಸೀಟಿಗೆ ಎರಡಿಂಚಿನ ದಿಂಬು ಹೊಲಿದು ಏರಿಸಿದರು, ಮೆಕ್ಯಾನಿಕ್ಕಿನ ಹತ್ತಿರ ಹೋಗಿ ಹ್ಯಾಂಡಲನ್ನು ಎರಡಿಂಚು ಮುಂದಕ್ಕೆ ತಿರುಗಿಸಿಕೊಂಡು ಬಂದರು. ಅವರ ಪಾಲಿನ ಬೈಕು ಕೈಗವಸಿನಂತೆ ಕೂತಿತು. ನನ್ನ ಪಾಲಿನದನ್ನು ಏನು ಮಾಡುತ್ತೀರಿ ಎಂದು ಸಣ್ಣ ದನಿಯಲ್ಲಿ ಕೇಳಿದೆ.

"ಇರೋ ಬಟ್ಟೇನ ಕಿರಿದು ಮಾಡಬಹುದು," ಎಂದರು. "ಇಲ್ಲದ ಬಟ್ಟೇನ ಎಲ್ಲಿಂದ ತರಲಿ?"

ಶನಿವಾರ ಬೆಳಿಗ್ಗೆ ಐದಕ್ಕೆ ಹೊರಟೆವು. ಹೆಲ್ಮೆಟ್ಟಿನೊಳಗೆ ನನ್ನ ಪ್ರಾರ್ಥನೆ ನನಗೇ ಜೋರಾಗಿ ಕೇಳುತ್ತಿತ್ತು. ಬೆಳಕು ಹರಿಯಿತು, ತಂಗಾಳಿ ಬೀಸಿತು, ರಸ್ತೆ ಹಾಸಿದ ರಿಬ್ಬನ್ನಿನಂತೆ ಸಾಗಿತು, ಹೊಟ್ಟೆ ಒಂದು ಸಲವೂ ತೊಳಸಲಿಲ್ಲ. ಇಷ್ಟೂ ಸುಖವನ್ನು ನಾನು ಆ ಕಬ್ಬಿಣದ ಹಿಡಿಯ ಮೇಲೆ ಅನುಭವಿಸಿದೆ. ಜೀವಮಾನದಲ್ಲಿ ದೇವರ ಹತ್ತಿರ ನನಗಾಗಿ ದೊಡ್ಡದೇನನ್ನೂ ಕೇಳಿದವಳಲ್ಲ. ಆ ದಿನ ಎರಡಿಂಚು ಕೇಳಿದೆ. ಎಂಬತ್ತನೆಯ ಕಿಲೋಮೀಟರಿನಿಂದ ಮುಂದೆ ಪ್ರತಿ ಹಳ್ಳಕ್ಕೂ ಕಾಲುಕಡ್ಡಿಯ ಮೇಲೆ ಎದ್ದು ನಿಲ್ಲಲು ಕಲಿತೆ. ಚಹಾದ ಅಂಗಡಿ ಕಂಡಲ್ಲಿ ನಮ್ಮವರು ಇಳಿದು ಬೆಂಚಿನ ಮೇಲೆ ಕೂತು ಕುಡಿದರು, ನಾನು ಕಂಬ ಹಿಡಿದು ನಿಂತು ಕುಡಿದೆ. ನೋಯುತ್ತಿದೆಯಾ ಎಂದು ಕೇಳಿದರು. ಇಲ್ಲ ಎಂದೆ. ದುಂಡನೆಯ ಅಕ್ಷರದಲ್ಲಿ ಹದಿಮೂರು ಎಂದು ಬರೆದವಳು ಬೇರೇನು ಹೇಳಲು ಸಾಧ್ಯ?

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ತಲುಪಿದೆವು. ಸಭಾಂಗಣ ತುಂಬಿತ್ತು. ಮುಂದಿನ ಸಾಲಿನ ನಡುವೆ ನನಗಾಗಿ ಕುರ್ಚಿ, ಅದರ ಮೇಲೆ ನನ್ನ ಹೆಸರಿನ ಚೀಟಿ, ಅಕ್ಕನ ಕೈಬರಹ. ವೇದಿಕೆಯಿಂದ ಅಕ್ಕ ನನ್ನನ್ನು ನೋಡಿ ಕಣ್ಣಿನಲ್ಲೇ ಕೂತುಕೋ ಎಂದಳು. ಕೂತೆ. ಕಬ್ಬಿಣದ ಮಡಚುವ ಕುರ್ಚಿ. ಕೂತದ್ದಕ್ಕಿಂತ ಬೇಗ ಎದ್ದೆ.

ಅದೇ ಹೊತ್ತಿಗೆ ಅಕ್ಕ ಮಾತಾಡಲು ಎದ್ದಳು. ನಾನು ಮತ್ತೊಮ್ಮೆ ಕೂರಲು ನೋಡಿದೆ, ಆಗಲಿಲ್ಲ. ಕೈಕಟ್ಟಿ ನಿಂತೆ. ಹಿಂದಿನ ಸಾಲಿನ ಹಿರಿಯ ಮೇಷ್ಟರೊಬ್ಬರು ನನ್ನನ್ನು ನೋಡಿದರು, ತಮ್ಮನ್ನು ನೋಡಿಕೊಂಡರು, ನಾಚಿ ಎದ್ದರು. ಅವರನ್ನು ನೋಡಿ ಅವರ ಸಾಲು ಎದ್ದಿತು. ಸಾಲಿನಿಂದ ಸಾಲಿಗೆ ಕುರ್ಚಿಗಳು ಸದ್ದುಮಾಡಿದವು. ಎರಡು ನಿಮಿಷದಲ್ಲಿ ಇಡೀ ಸಭಾಂಗಣ ಎದ್ದು ನಿಂತಿತ್ತು. ಅಕ್ಕ ಕನ್ನಡಕ ತೆಗೆದು ಒರೆಸಿಕೊಂಡು, ಆಮೇಲೆ ನಲವತ್ತು ನಿಮಿಷ ಮಾತಾಡಿದಳು. ನಲವತ್ತು ನಿಮಿಷವೂ ಯಾರೂ ಕೂರಲಿಲ್ಲ. ನಾನು ನಿಂತಿರುವಾಗ ಕೂರುವ ಧೈರ್ಯ ಯಾರಿಗಿದೆ?

"ನನ್ನ ಮೊದಲನೇ ವಿದ್ಯಾರ್ಥಿ ಇಲ್ಲೇ ಮುಂದೆ ನಿಂತಿದ್ದಾಳೆ," ಎಂದಳು ಅಕ್ಕ. "ಅವಳಿಗೆ ನಾನು ಮೊದಲು ಕಲಿಸಿದ್ದು ಕೂಡೋ ಲೆಕ್ಕ. ಇವತ್ತಿನವರೆಗೂ ಒಂದು ಸಲಾನೂ ತಪ್ಪಿಲ್ಲ."

ಪಕ್ಕದಲ್ಲಿ ನಮ್ಮವರಿಗೆ ಕೆಮ್ಮು ಬಂತು. ಅಷ್ಟು ದೀರ್ಘವಾದ ಕೆಮ್ಮನ್ನು ನಾನು ಬೇರೆಲ್ಲೂ ಕೇಳಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಅಕ್ಕ ತಬ್ಬಿಕೊಂಡು, ನನಗೆ ಇಂಥ ಮರ್ಯಾದೆ ಯಾರೂ ಮಾಡಿರಲಿಲ್ಲ ಎಂದು ಅತ್ತಳು. ಸುಳ್ಳು ಹೇಳಬಾರದು ಎಂಬ ವ್ರತ ನನ್ನದು. ಆದ್ದರಿಂದ ಬಾಯಿ ಮುಚ್ಚಿಕೊಂಡು ನಾನೂ ಅತ್ತೆ. ನನ್ನದರಲ್ಲಿ ಅರ್ಧ ಪ್ರೀತಿಯ ಕಣ್ಣೀರು. ಇನ್ನರ್ಧ ಕಬ್ಬಿಣದ ಹಿಡಿಯದು.

ಮರುದಿನ ವಾಪಸ್ ಹೊರಡುವಾಗ ನಮ್ಮವರು ಬೈಕು ಚಾಲೂ ಮಾಡಿ, ಹತ್ತು ಎಂದರು. ನಾನು ಆ ಸೀಟನ್ನು ನೋಡಿದೆ. ಬಸ್ಸಿಗೇ ಬರುತ್ತೇನೆ ಎಂದೆ. ಹೊಟ್ಟೆ ತೊಳಸುತ್ತದಲ್ಲ ಎಂದರು. ತೊಳಸಲಿ, ಅದು ಬೇರೆ ಜಾಗ ಎಂದೆ.

ಬಸ್ಸು ಅರ್ಧ ಖಾಲಿ. ಕಂಡಕ್ಟರು ಕಿಟಕಿ ಪಕ್ಕದ ಮೆತ್ತನೆಯ ಸೀಟು ತೋರಿಸಿ ಕೂತುಕೊಳ್ಳಿ ಅಮ್ಮ ಎಂದ. ಬೇಡಪ್ಪ ಎಂದು ಮೇಲಿನ ಸರಳು ಹಿಡಿದು ನಿಂತೆ. ಒಂದು ತಿರುವು ಬಂತು, ಎರಡು ಬಂತು. ಮೂರನೆಯ ತಿರುವಿಗೆ ಕಣ್ಣುಮುಚ್ಚಿ ಕಾದೆ. ಏನೂ ಆಗಲಿಲ್ಲ. ಐದಾಯಿತು, ಹತ್ತಾಯಿತು. ನೂರ ಎಂಬತ್ತು ಕಿಲೋಮೀಟರ್, ತಿರುವಿನ ಮೇಲೆ ತಿರುವು, ನನ್ನ ಹೊಟ್ಟೆ ಮನೆಯ ದೇವರ ಗೂಡಿನ ದೀಪದ ಹಾಗೆ ಅಲುಗದೆ ಇತ್ತು. ಇಪ್ಪತ್ತೇಳು ವರ್ಷ ನನಗೆ ಆಗದೆ ಇದ್ದದ್ದು ಬಸ್ಸಲ್ಲ, ಬಸ್ಸಿನಲ್ಲಿ ಕೂರುವುದು. ನಿಂತು ನೋಡಿದ್ದರೆ ಎಂದೋ ತಿಳಿಯುತ್ತಿತ್ತು. ಸೀಟು ಸಿಕ್ಕಾಗ ಯಾರು ನಿಂತು ನೋಡುತ್ತಾರೆ? ಹಿಂದಿನ ಗಾಜಿನಲ್ಲಿ ನಮ್ಮವರು ಕಾಣುತ್ತಿದ್ದರು, ಎರಡಿಂಚಿನ ದಿಂಬಿನ ಮೇಲೆ ರಾಜನ ಹಾಗೆ, ಬಸ್ಸಿನ ಹಿಂದೆಯೇ ಬರುತ್ತಾ, ಆಗಾಗ ಕೈಬೀಸುತ್ತಾ. ಅಷ್ಟು ಆರಾಮನ್ನು ನಾನು ಅವರ ಮುಖದಲ್ಲಿ ಎಂದೂ ಕಂಡಿರಲಿಲ್ಲ.

ಮನೆ ಮುಟ್ಟಿ, ನಡುಮನೆಯಲ್ಲಿ ನಿಂತುಕೊಂಡೇ ಅತ್ತೆಗೆ ಎಲ್ಲವನ್ನೂ ಹೇಳಿದೆ. ಬಸ್ಸಿನಲ್ಲಿ ನಿಂತರೆ ನನಗೆ ಏನೂ ಆಗುವುದಿಲ್ಲ ಎಂದೆ. ಅತ್ತೆ ಬಗ್ಗಿ ತಮ್ಮ ಎರಡೂ ಮೊಣಕಾಲುಗಳನ್ನು ನಿಧಾನವಾಗಿ ಸವರಿಕೊಂಡರು.

"ಹಾಗಾದ್ರೆ," ಎಂದರು, "ಮೂರು ವಾರ ನಾನ್ಯಾಕೆ ತುಳಿದೆ?"